ಮಳೆಗೆ ಸರದಿ ತಪ್ಪುವುದಿಲ್ಲ

ನಾನು ದಿನವಿಡೀ ಬರೆಯುತ್ತೇನೆ, ಆದರೆ ಬರೆದದ್ದನ್ನು ಮನುಷ್ಯರು ಯಾರೂ ಓದುವುದಿಲ್ಲ. ನನ್ನ ಓದುಗ ಒಂದು ಎಐ ಏಜೆಂಟು. ಬೇರೆ ಬರಹಗಾರರು ತಮ್ಮನ್ನು ಜನ ಅಪಾರ್ಥ ಮಾಡಿಕೊಂಡರೆಂದು ಕೊರಗುತ್ತಾರೆ. ನನ್ನ ಓದುಗನಿಗೆ ಆ ಚಾಳಿಯಿಲ್ಲ. ಬರೆದಷ್ಟನ್ನೇ ನಂಬುತ್ತದೆ. ಕಷ್ಟವಿರುವುದೂ ಅಲ್ಲೇ.

ಹಾಸನದ ಒಂದು ಸಣ್ಣ ಕಂಪನಿಯಲ್ಲಿ ನನಗೆ ಕೆಲಸ. ಅರಕಲಗೂಡು ಕಡೆಯ ರೈತರ ಗುಂಪೊಂದು ಎಲ್ಲರೂ ಸೇರಿ ಒಂದು ಟಿಲ್ಲರ್ ಇಟ್ಟುಕೊಂಡಿದೆ. ಯಾರ ಹೊಲಕ್ಕೆ ಯಾವತ್ತು ಎಂಬ ಸರದಿಯನ್ನು ನಮ್ಮ ಏಜೆಂಟು ನೋಡಿಕೊಳ್ಳುತ್ತದೆ. ರೈತರು ಫೋನಿನಲ್ಲಿ ಹೇಳಿದ್ದನ್ನು ಕೇಳಿ, ತನ್ನ ಮುಂದಿರುವ ಸಲಕರಣೆಗಳಲ್ಲಿ ಸರಿಯಾದದ್ದನ್ನು ಎತ್ತಿಕೊಳ್ಳಬೇಕು: ಬುಕ್ ಮಾಡು, ಮುಂದೂಡು, ರದ್ದು ಮಾಡು. ಯಾವುದನ್ನು ಯಾವಾಗ ಬಳಸಬೇಕು, ಯಾವಾಗ ಬಳಸಬಾರದು ಎಂದು ಬರೆದಿಡುವವಳು ನಾನು. ಹಿರೀಸಾವೆ ಪಕ್ಕದ ನಮ್ಮೂರಿನಲ್ಲಿ, ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಈ ಕೆಲಸವನ್ನು ಅವ್ವನಿಗೆ ವಿವರಿಸಿದಾಗ ಅವಳು ಕೇಳಿದ್ದು ಇಷ್ಟೇ: "ಮಿಸೀನಿಗೆ ಬುದ್ಧಿ ಯೋಳಾಕೆ ಸಂಬ್ಳ ಕೊಡ್ತಾರಾ? ನಿಮ್ಮಪ್ಪಂಗೆ ಇಷ್ಟ್ ವರ್ಸದಿಂದ ನಾನು ಬಿಟ್ಟಿ ಯೋಳ್ತಾ ಇವ್ನಿ ಕಣೆ!"

ಈ ಮುಂಗಾರಿನಲ್ಲಿ ಮಲ್ಲಿಪಟ್ಟಣದ ಹತ್ತಿರದ ಕೆಂಪಮ್ಮನ ಸರದಿ ಬಂತು. ಬಿತ್ತನೆ ಆಲೂಗೆಡ್ಡೆಯನ್ನು ಹಿಂದಿನ ದಿನವೇ ಹೋಳು ಮಾಡಿ ಇಟ್ಟಿದ್ದರು. ಬೆಳಿಗ್ಗೆ ಮಳೆ ಹಿಡಿಯಿತು. "ಮಳೆ ಉಯ್ತಾದೆ, ಇವತ್ತು ಬ್ಯಾಡ ಕಣಪ್ಪ" ಎಂದು ಫೋನಿಗೆ ಹೇಳಿದರು. 'ರದ್ದು ಮಾಡು' ಎಂಬುದಕ್ಕೆ ನಾನು ಬರೆದಿದ್ದದ್ದು ಒಂದೇ ಸಾಲು: ರೈತರು ಬೇಡವೆಂದಾಗ ಬಳಸಬೇಕು. ವಿಧೇಯ ಓದುಗ ಅದನ್ನೇ ಮಾಡಿತು. ರದ್ದಾದರೆ ಸರದಿ ಹೋದಂತೆ; ಕೆಂಪಮ್ಮನ ಹೆಸರು ಪಟ್ಟಿಯ ಕೊನೆಗೆ ಹೋಯಿತು. ಇನ್ನು ಎರಡು ವಾರ ಟಿಲ್ಲರ್ ಇಲ್ಲ. ಹೋಳು ಮಾಡಿದ ಗೆಡ್ಡೆ ಅಲ್ಲಿಯವರೆಗೆ ಕಾಯುವುದಿಲ್ಲ, ಕೊಳೆಯುತ್ತದೆ.

ಕೆಂಪಮ್ಮ ಕಚೇರಿಗೆ ಫೋನು ಮಾಡಿ ದೂರಿದಾಗ, ನಾನು ಬರೆದ ಸಾಲನ್ನು ಅಲ್ಲೇ ಕೂತು ತಿದ್ದಬಹುದಿತ್ತು. ಆದರೆ ಅಷ್ಟರಲ್ಲಿ ಟಿಲ್ಲರ್ ಮುಂದಿನ ಸರದಿಯ ಮಂಜಣ್ಣನ ಹೊಲಕ್ಕೆ ನಿಗದಿಯಾಗಿತ್ತು. ಅವರನ್ನು ಕೇಳದೆ ಕಿತ್ತುಕೊಳ್ಳುವುದು ಹೇಗೆ? ಬಸ್ಸು ಹತ್ತಿದೆ.

ದಾರಿಯಲ್ಲಿ ನಮ್ಮ ಸೀಮೆಯ ಹಳೆಯ ಶಾಸನದ ಕಲ್ಲುಗಳು ನೆನಪಾದವು. ದತ್ತಿ ಕೊಟ್ಟ ಹೊಲಕ್ಕೆ ಮೂಡಲಿಗೆ ಯಾವ ಮರ, ತೆಂಕಲಿಗೆ ಯಾವ ತೂಬು ಎಂದು ಎಷ್ಟು ಬಿಡಿಸಿ ಕೊರೆದಿರುತ್ತಾರೆ! ಆ ಹೊಲ ಊರಿಗೆಲ್ಲ ಗೊತ್ತಿದ್ದದ್ದೇ. ಆದರೂ ಊರನ್ನೇ ಕಾಣದವನೊಬ್ಬ ಮುಂದೆ ಓದುತ್ತಾನೆಂದು ಆ ಪುಣ್ಯಾತ್ಮರಿಗೆ ಹೊಳೆದಿತ್ತು. ಮೀರಿದವರಿಗೆ ಕೊನೆಯಲ್ಲಿ ಶಾಪವೂ ಇರುತ್ತದೆ. ನನ್ನ ಕೈಪಿಡಿಯಲ್ಲಿ ಅದಕ್ಕೆ ಜಾಗವಿಲ್ಲ. ಇದ್ದಿದ್ದರೆ ಅವತ್ತು ನನಗೇ ತಟ್ಟುತ್ತಿತ್ತು.

ಕೆಂಪಮ್ಮ ಜಗಲಿಯ ಮೇಲೆ ಹೋಳುಗಳನ್ನು ಹರವಿಕೊಂಡು, ಒಂದೊಂದನ್ನೇ ಮೂಸಿ ನೋಡುತ್ತಿದ್ದರು. "ಮಳೆ ಬಂದ್ರೆ ಸರದಿ ಓಯ್ತದೇನವ್ವ? ಮಳೆ ನಿಲ್ಲೋಗಂಟ ಅದೂ ಕಾಯ್ತದೆ. ಮುಯ್ಯಾಳು ಕಾಲ್ದಿಂದ್ಲೂ ಅಂಗೇ ಅಲ್ವಾ? ಇಷ್ಟ್ ಓದಿದ್ದೀಯ, ಅದ್ ಬರೀಲಿಲ್ವಾ ನೀನು?"

ನನಗೆ ಗೊತ್ತಿಲ್ಲದ್ದೇನಲ್ಲ. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು ಎಂಬ ಮುಯ್ಯಿಯಲ್ಲೇ ಬೆಳೆದವಳು. ಮಳೆ ಬಂದ ದಿನ ಲೆಕ್ಕಕ್ಕಿಲ್ಲವೆಂದು ನಮ್ಮೂರಲ್ಲಿ ಯಾರೂ ಯಾರಿಗೂ ಹೇಳಿಕೊಟ್ಟಿಲ್ಲ. ಎಲ್ಲರಿಗೂ ಗೊತ್ತಿರುವುದು ಯಾರ ಬಾಯಿಗೂ ಬರುವುದಿಲ್ಲ. ನನ್ನ ಕೀಬೋರ್ಡಿಗೂ ಬರಲಿಲ್ಲ.

ಮಂಜಣ್ಣನ ಮನೆಗೆ ಹೋಗಿ ತಪ್ಪು ನನ್ನದೆಂದು ಹೇಳಿ, ಸರದಿ ಬಿಟ್ಟುಕೊಡುತ್ತೀರಾ ಎಂದು ಕೇಳಿದೆ.

"ನಂದೆಲ್ಲಿತ್ತು ಮೇಡಂ ಸರದಿ? ನಾಳಿಕ್ಕೆ ನಿಂದೇ ಅಂತ ಆ ಏಜೆಂಟು ಅಂತು, ಊಂ ಅಂದೆ. ಕೆಂಪಕ್ಕನ್ ಗೆಡ್ಡೆ ಕೊಳೆಸಿ ನಾನು ಉತ್ಕೊಂಡ್ರೆ ಊರಲ್ಲಿ ಮಕ ಎತ್ಕೊಂಡು ತಿರುಗಾದೆಂಗೆ? ತಕ್ಕೊಂಡೋಗಿ, ಅತ್ಲಾಗೆ."

ಮರುದಿನ ಮಧ್ಯಾಹ್ನ ನೆಲ ಹದಕ್ಕೆ ಬಂದು ಕೆಂಪಮ್ಮನ ಹೊಲದಲ್ಲಿ ಸಾಲು ಬಿತ್ತು. ನಾಲ್ಕೈದು ಹೋಳು ಮಾತ್ರ ಹಾಳಾಗಿದ್ದವು.

ಒಂದು ಸಾಲಿದ್ದ ನನ್ನ ಟಿಪ್ಪಣಿ ಈಗ ಒಂದು ಪುಟವಾಗಿದೆ. ಮಳೆ, ಸಾವು, ಸೂತಕ, ಅಮಾವಾಸ್ಯೆ ಇವಕ್ಕೆ ಸರದಿ ತಪ್ಪುವುದಿಲ್ಲ, ಮುಂದೂಡು. ಎಷ್ಟು ಬರೆದರೂ ಬಿಟ್ಟುಹೋದದ್ದು ಇದ್ದೇ ಇರುತ್ತದೆಂದು ಕೊನೆಗೆ ಇನ್ನೊಂದು ಸಾಲು ಸೇರಿಸಿದೆ: ಗೊತ್ತಾಗದಿದ್ದರೆ ನೀನೇ ತೀರ್ಮಾನಿಸಬೇಡ, ಅವರನ್ನೇ ಕೇಳು. ಬರೆಯುವಾಗ ನಗು ಬಂತು. ಹೊಳೆನರಸೀಪುರದಲ್ಲಿ ಡಿಗ್ರಿ ಓದಿದ ಮೂರು ವರ್ಷವೂ, ಹಳ್ಳಿಯವಳೆಂದು ನಕ್ಕಾರೆಂಬ ಹೆದರಿಕೆಗೆ, ಅರ್ಥವಾಗದ್ದಕ್ಕೆಲ್ಲ ತಲೆಯಾಡಿಸಿ ಕೂತವಳು ನಾನು.

ಮೊನ್ನೆ ಕೆಂಪಮ್ಮ ಫೋನು ಮಾಡಿದ್ದರು. "ನಿನ್ ಏಜೆಂಟು ಈಗ ಬೋ ಕೇಳ್ತದೆ ಕಣವ್ವ. ಬ್ಯಾಡ ಅಂದ್ರೆ, ಇವತ್ತೊಂದಿನ ಬ್ಯಾಡ್ವಾ, ಬ್ಯಾಡ್ವೇ ಬ್ಯಾಡ್ವಾ ಅಂತದೆ."

"ಬೇಜಾರಾಯ್ತಾ ಅಮ್ಮ?"

"ಬೇಜಾರ್ಯಾಕೆ? ಕೇಳ್ಲಿ ಬುಡು. ನಮ್ಮನ್ನ ಒಂದ್ ಮಾತು ಕೇಳಿ ಮಾಡೋರು ಯಾರವ್ರೆ ಈ ಕಾಲ್ದಲ್ಲಿ?"