ತಮ್ಮನ ಹೊಲ, ನನ್ನ ಮುಪ್ಪು

ಮಸ್ಕತ್ತಿನ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನನಗೆ ಪಿಂಚಣಿಯಿಲ್ಲ. ಕೆಲಸ ಬಿಡುವಾಗ ಒಂದಿಷ್ಟು ಗಂಟು ಕೈಗಿಟ್ಟು ಕಳಿಸುತ್ತಾರೆ, ಮುಂದೆ ನಾನುಂಟು ನನ್ನ ಹಣೆಬರಹವುಂಟು. ವಯಸ್ಸು ಐವತ್ತರ ಹತ್ತಿರ ಬಂದಂತೆ, ಮುಪ್ಪಿಗೆಂದು ದುಡ್ಡು ಎಲ್ಲಿಡಲಿ ಅಂತ ಸಿಕ್ಕವರನ್ನೆಲ್ಲ ಕೇಳತೊಡಗಿದೆ. ಜೊತೆಯ ನರ್ಸ್ ಮ್ಯೂಚುವಲ್ ಫಂಡ್ ಅಂದಳು. ಟೈ ಕಟ್ಟಿಕೊಂಡು ಬಂದ ವಿಮೆ ಏಜೆಂಟ್ ಇಪ್ಪತ್ತೈದು ವರ್ಷದ ಪ್ಲಾನ್ ಅಂದ. ನಡುವೆ ಬಿಟ್ಟರೆ ಏನಾಗುತ್ತದೆ ಎಂದರೆ ನಕ್ಕ. ಆ ನಗುವಿನ ಅರ್ಥ ಇವತ್ತಿಗೂ ಆಗಿಲ್ಲ. ಎನ್‌ಆರ್‌ಇ, ಎನ್‌ಆರ್‌ಓ ಖಾತೆಗಳ ವ್ಯತ್ಯಾಸವನ್ನು ಬ್ಯಾಂಕಿನವರು ಹೇಳಿದಾಗಲೆಲ್ಲ ತಲೆಯಾಡಿಸಿ ಬಂದಿದ್ದೇನೆ. ನಿದ್ದೆಗಣ್ಣಲ್ಲೂ ಔಷಧದ ಅಳತೆ ತಪ್ಪದವಳು ನಾನು. ಸಿಟ್ಟು ಬರುತ್ತಿತ್ತು, ಯಾರ ಮೇಲೆ ಅಂತ ಗೊತ್ತಾಗುತ್ತಿರಲಿಲ್ಲ.

ನನಗೆ ತಿಳಿಯುವುದು ಒಂದೇ, ಹೊಲ. ನಮ್ಮೂರು ಗುಡಗೇರಿಯಲ್ಲಿ ನಮ್ಮ ಕರಿಮಣ್ಣಿನ ಎರಿ ಹೊಲದ ಪಕ್ಕದ ತುಂಡು ಮಾರಾಟಕ್ಕಿದೆ ಎಂದು ತಮ್ಮ ಫೋನ್ ಮಾಡಿದಾಗ ರಜೆ ಹಾಕಿ ಬಂದೆ. ಅದನ್ನು ಕೊಂಡು ಲಾವಣಿಗೆ, ಅಂದರೆ ಗೇಣಿಗೆ, ಹಾಕಿದರೆ ವರ್ಷಕ್ಕಿಷ್ಟು ಅಂತ ಬರುತ್ತದೆ. ಗಂಡನನ್ನು ಬಿಟ್ಟು ಹೋದವಳು ನಾನು. ಮುಪ್ಪಿನಲ್ಲಿ ಯಾರ ಮನೆಯ ತುತ್ತಿಗೂ ಕಾಯಬಾರದು, ಇಷ್ಟೇ ನನ್ನ ಆಸೆ.

ಕುಂದಗೋಳದ ವಕೀಲರು ನನ್ನ ಪಾಸ್‌ಪೋರ್ಟ್ ತಿರುವಿ ನೋಡಿ, "ಪರದೇಶದಾಗ ಇರೂತನಕ ಹೊಲಾ ಖರೀದಿ ಮಾಡಾಕ ಬರೂದಿಲ್ರಿ ಅಕ್ಕಾರ. ಮನಿ ಬೇಕಾರ ತಗೋರಿ," ಅಂದರು.

"ನನ್ನ ರೊಕ್ಕ, ನನ್ನ ಊರು. ಯಾಕ ಬರೂದಿಲ್ರಿ?"

"ಕಾಯ್ದೆ ಹಂಗೈತ್ರಿ. ನೌಕರಿ ಬಿಟ್ಟು ಬಂದು ಇಲ್ಲೇ ನಿಂತ ಮ್ಯಾಲೆ ತಗೋರಿ."

ಹೊಲ ಸಿಕ್ಕರೆ ನೌಕರಿ ಬಿಡಬೇಕೆಂದಿದ್ದೆ. ನೌಕರಿ ಬಿಟ್ಟರೆ ಹೊಲ ಅನ್ನುತ್ತಾರೆ ಇವರು. ಮಾರುವವನು ಅಲ್ಲಿಯವರೆಗೆ ಕಾಯುತ್ತಾನೆಯೇ?

"ವಾರಸಾಗಿ ಬಂದಿದ್ರ ಏನೂ ಅಡ್ಡಿ ಇರಲಿಲ್ರಿ," ಎಂದು ವಕೀಲರೇ ಮುಂದುವರಿಸಿದರು. "ನಿಮ್ಮ ಅಪ್ಪಾರ ಹೊಲದಾಗ ನಿಮಗ ಪಾಲ ಇತ್ತಲ್ರಿ?"

ಇತ್ತು. ಅಪ್ಪ ತೀರಿದ ವರ್ಷ ಆ ಹಕ್ಕು ತಮ್ಮನಿಗೆ ಬಿಟ್ಟುಕೊಟ್ಟು ಸಹಿ ಹಾಕಿದ್ದೆ. ನಮ್ಮ ಕಡೆ ಹೆಣ್ಣುಮಕ್ಕಳು ಹಾಕುತ್ತಾರೆ, ಹಾಗಾಗಿ ಹಾಕಿದೆ. ಯಾರೂ ಒತ್ತಾಯ ಮಾಡಲಿಲ್ಲ. ಅವ್ವ ಇಳಕಲ್ ಸೀರೆ ಉಡಿಸಿ ಉಡಿ ತುಂಬಿದಳು, ಆವತ್ತು ಸಂತೋಷವೇ ಆಗಿತ್ತು. ಪುಕ್ಕಟೆ ಬಂದಿದ್ದನ್ನು ಹಾಗೆ ಕೊಟ್ಟು, ಈಗ ದುಡಿದು ಕೊಳ್ಳಲು ಹೋದರೆ ಕಾಯ್ದೆ ಬಿಡುತ್ತಿಲ್ಲ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಪಕ್ಕದಲ್ಲಿದ್ದ ತಮ್ಮನ ಮುಖ ಸಣ್ಣಗಾಗಿತ್ತು. "ಹಂಗಾರ ಆ ಪಾಲ ಅಕ್ಕಗ ತಿರುಗಿ ಬರದ ಕೊಡ್ತೀನ್ರಿ," ಅಂದ.

"ದಾನಾನೂ ನಡ್ಯೂದಿಲ್ರಿ. ಮೃತ್ಯುಪತ್ರದಾಗ ಬರದ್ರ ಮಾತ್ರ ನಡೀತೈತಿ."

"ಹಂಗ ಬರೀತೀನಿ. ಕಾಗದ ತಯಾರ ಮಾಡ್ರಿ." ಎಲ್ಲ ಬಗೆಹರಿಯಿತೆಂಬಂತೆ ಅವನು ನನ್ನ ಕಡೆ ನೋಡಿದ.

"ಲೇ, ನೀ ನನಗಿಂತ ಸಣ್ಣಾಂವ. ನನ್ನ ಮುಪ್ಪಿಗೆ ಹೊಲಾ ಸಿಗಬೇಕಂದ್ರ ನೀ ಮೊದಲ ಸಾಯಬೇಕೇನು?"

ಅವನು ಅದನ್ನು ಯೋಚಿಸಿರಲಿಲ್ಲ. ವಕೀಲರು ಕನ್ನಡಕ ಒರೆಸಿಕೊಂಡರು. ನಾನು ಪಾಸ್‌ಪೋರ್ಟ್ ತೆಗೆದುಕೊಂಡು ಎದ್ದೆ.

ಹೊರಗೆ ಬಂದ ಮೇಲೆ ತಮ್ಮ ನನ್ನ ಚೀಲ ಇಸಿದುಕೊಂಡ. "ಹೊಲದ ಚಿಂತಿ ಬಿಡಬೇ ಅಕ್ಕಾ. ನನ್ನ ಮನ್ಯಾಗ ಇರು. ನಾವು ಉಂಡದ್ದ ನೀನೂ ಉಣ್ಣು," ಅಂದ.

ಮನಸ್ಸಿನಿಂದ ಬಂದ ಮಾತು, ಅವನ ಕಣ್ಣಲ್ಲಿ ನೀರಿತ್ತು. ಆ ಮಾತು ಕೇಳುವ ದಿನ ಬರಬಾರದೆಂದೇ ನಾನು ಇಷ್ಟು ವರ್ಷ ಪರದೇಶದಲ್ಲಿ ದುಡಿದದ್ದು. ಅದನ್ನು ಅವನಿಗೆ ಹೇಗೆ ಹೇಳುವುದು? "ನಡಿ, ಬಸ್ಸಿಗೆ ಹೊತ್ತಾತು," ಅಂದೆ.