ನೆತ್ತಿಯ ಮೇಲೆ ಅಂಗೈ

ಹನ್ನೊಂದನೆಯ ಗಾಳಿಕೊಳವೆಯ ರಬ್ಬರ್ ಬಾಯಿಯನ್ನು ಬ್ರಷ್ಷಿನಿಂದ ತಿಕ್ಕಿ, ಬಕೆಟ್ಟಿನ ಬಿಸಿನೀರಿನಲ್ಲಿ ಅದ್ದಿ, ಬಾಗಿಲಿಂದ ಬರುವ ಮೊದಲ ಬೆಳಕಿಗೆ ಹಿಡಿದು ನೋಡುತ್ತಾರೆ ಉಸಿರಕ್ಕ. ಸಮಾಧಾನವಾಗುವುದಿಲ್ಲ. ಮತ್ತೆ ತಿಕ್ಕುತ್ತಾರೆ. "ಇನ್ನೊಬ್ಬರ ಬಾಯಿಗೆ ಹೋಗೋದಲ್ವಾ ಇದು? ಅವಸರ ಮಾಡಿದ್ರೆ ಆಗಲ್ಲ."

ಐವತ್ತೆರಡು ವರ್ಷದ ಇವರನ್ನು ಸ್ಟುಡಿಯೋದಲ್ಲಿ ಎಲ್ಲರೂ ಕರೆಯುವುದು ಹಾಗೆಯೇ, ಉಸಿರಕ್ಕ. ಹಡಗು ಮುಳುಗುವ, ಅಣೆಕಟ್ಟು ಒಡೆಯುವ, ಹೋಟೆಲಿನ ಈಜುಕೊಳ ಬಿರಿದು ನೆಲಮಾಳಿಗೆ ತುಂಬುವ ಸಿನಿಮಾಗಳನ್ನು ನಾವು ಕುರ್ಚಿಯ ಕೈ ಬಿಗಿಹಿಡಿದು ನೋಡುತ್ತೇವಲ್ಲ, ಆ ದೃಶ್ಯಗಳಲ್ಲಿ ಕ್ಯಾಮೆರಾದ ಕಣ್ಣಿಗೆ ಬೀಳದ ಮೂಲೆಯಲ್ಲಿ ಕಪ್ಪು ಬಟ್ಟೆ ತೊಟ್ಟು ಇವರು ಕೂತಿರುತ್ತಾರೆ. ಬೆನ್ನಿಗೆ ಗಾಳಿಯ ಸಿಲಿಂಡರ್, ಕೈಯಲ್ಲಿ ಇನ್ನೊಂದು ಕೊಳವೆ. 'ಕಟ್' ಎಂಬ ಸದ್ದು ನೀರೊಳಗಿನ ಸ್ಪೀಕರಿನಲ್ಲಿ ಕೇಳಿದ ತಕ್ಷಣ ಈಜಿ ಹೋಗಿ ನಟರ ಬಾಯಿಗೆ ಗಾಳಿ ಕೊಡುತ್ತಾರೆ. ಒಂದೊಂದು ದಿನ ನಲವತ್ತು ಸಲ.

ಟ್ಯಾಂಕಿನ ಅಂಚಿಗೆ ನಿಂತು ಕೆಳಗೆ ನೋಡಿದರೆ ಎದೆ ಝಲ್ಲೆನ್ನುತ್ತದೆ. ಅರವತ್ತು ಅಡಿ ಉದ್ದ, ನಲವತ್ತು ಅಡಿ ಅಗಲ, ಹದಿನಾಲ್ಕು ಅಡಿ ಆಳ. ಒಂಬತ್ತೂವರೆ ಲಕ್ಷ ಲೀಟರ್ ನೀರು. ಅದರ ಮೇಲೆ ಸರಪಳಿಗಳಿಂದ ಇಳಿಬಿಟ್ಟ ಒಂದು ಇಡೀ ಮಲಗುವ ಕೋಣೆ: ಮಂಚ, ಕಪಾಟು, ಗೋಡೆಗೆ ತೂಗುಹಾಕಿದ ಮದುವೆಯ ಫೋಟೋ ಸಮೇತ. ಪರದೆಯ ಮೇಲೆ ನೀರು ಸರಸರನೆ ಸೂರಿಗೇರುತ್ತದಲ್ಲ, ಅದು ಏರುವುದೇ ಇಲ್ಲವಂತೆ.

"ಏರೋದೆಲ್ಲಿ ಬಂತು! ನೀರು ಇದ್ದಲ್ಲೇ ಇರುತ್ತೆ, ಕೋಣೇನೇ ಇಳಿಯೋದು," ಎಂದು ನಗುತ್ತಾರೆ ಉಸಿರಕ್ಕ. ಇಷ್ಟು ವರ್ಷ ಆ ಕೋಣೆಗಳೊಳಗೆ ಸಿಕ್ಕಿಬಿದ್ದವರಿಗಾಗಿ ನಾವು ಅತ್ತಿದ್ದೆಲ್ಲ ನೆನಪಾಗುತ್ತದೆ. ಗುಟ್ಟು ತಿಳಿದ ಮೇಲೂ ಬೆರಗು ಒಂದಿಷ್ಟೂ ಇಳಿಯುವುದಿಲ್ಲ, ಹೆಚ್ಚುತ್ತದೆ.

ಇವರು ಮೊದಲು ಒಂದು ಹೋಟೆಲಿನ ಈಜುಕೊಳ ತೊಳೆಯುತ್ತಿದ್ದವರು. ಈಜು ಕಲಿತದ್ದೂ ಅಲ್ಲೇ, ಗಿರಾಕಿಗಳು ಎದ್ದು ಹೋದ ಮೇಲೆ. ಅಲ್ಲಿ ಶೂಟಿಂಗ್ ನಡೆದ ದಿನ ನಾಯಕಿ ನೀರು ಕುಡಿದಳು. "ಎಲ್ಲರೂ ಬಾಯಿ ಬಿಟ್ಕೊಂಡು ನಿಂತಿದ್ರು. ನಾನು ಹಾರಿದೆ. ಮೇಲೆ ಬಂದ್ಮೇಲೆ ನೋಡ್ಕೋತೀನಿ, ಪೊರಕೆ ಕೈಯಲ್ಲೇ ಇದೆ!" ಮರುವಾರವೇ ಕರೆ ಬಂತು. ಇಪ್ಪತ್ಮೂರು ವರ್ಷ, ಹತ್ತೊಂಬತ್ತು ಪ್ರವಾಹದ ಸಿನಿಮಾ.

ಮನೆಯಲ್ಲಿ ಅತ್ತೆಯವರದ್ದು ಬೇರೆಯದೇ ರಾಗ. "ದಿನವಿಡೀ ನೀರಲ್ಲಿ ಬಿದ್ದಿರ್ತಾಳೆ. ಮನೇಲಿ ಒಂದು ಬಕೆಟ್ ನೀರು ಎತ್ತೇ ಅಂದ್ರೆ ಸೊಂಟ ಹಿಡ್ಕೋತಾಳೆ!" ಆದರೆ ಸೊಸೆಯ ಒಂದು ಸಿನಿಮಾವನ್ನೂ ಅವರು ಬಿಟ್ಟಿಲ್ಲ. ಎಲ್ಲರೂ ನಾಯಕಿಯನ್ನು ನೋಡುವಾಗ ಅತ್ತೆ ಪರದೆಯ ನಾಲ್ಕೂ ಮೂಲೆ ಹುಡುಕುತ್ತಾರೆ. "ಎಲ್ಲೂ ಕಾಣ್ಲಿಲ್ಲ ಅಂದ್ರೆ ನಮ್ಮವಳು ಸರಿಯಾಗಿ ಕೆಲಸ ಮಾಡಿದಾಳೆ ಅಂತ."

ಈ ಕೆಲಸದ ಕಷ್ಟ ನೀರಿನದ್ದಲ್ಲ, ನಟನೆಯದ್ದು. ಮುಳುಗುವ ಪಾತ್ರ ಕೈಕಾಲು ಬಡಿಯಲೇಬೇಕು. ನಿಜವಾಗಿ ಮುಳುಗುತ್ತಿರುವವರನ್ನು ಬೇರೆ ಮಾಡಿ ನೋಡುವುದು ಹೇಗೆ? ಅದಕ್ಕೆ ಉಸಿರಕ್ಕ ಕಟ್ಟಿದ ನಿಯಮ ಒಂದೇ: ಉಸಿರು ಸಾಲದಾದಾಗ ಅಂಗೈಯನ್ನು ನೆತ್ತಿಯ ಮೇಲೆ ಇಡಬೇಕು. "ನೆತ್ತಿ ಮೇಲೆ ಕೈ ಇಟ್ಕೊಂಡು ಮುಳುಗೋ ಪಾತ್ರಾನ ಯಾವ ಕಥೆಯವರೂ ಬರೆಯಲ್ಲ, ಅದಕ್ಕೆ."

ಇಷ್ಟು ಹೇಳಿದ ಉಸಿರಕ್ಕ ಬ್ರಷ್ಷನ್ನು ಬಕೆಟ್ಟಿನ ಅಂಚಿಗಿಟ್ಟು, ಮೂರು ವರ್ಷದಿಂದ ಒಳಗಿಟ್ಟುಕೊಂಡದ್ದನ್ನು ಹೇಳುತ್ತಾರೆ.

ಇದೇ ಟ್ಯಾಂಕು, ಇಂಥದೇ ಕೋಣೆ. ನಾಯಕಿಯ ಬದಲು ನೀರಿಗಿಳಿದಿದ್ದವಳು ಡ್ಯೂಪ್ ಹುಡುಗಿ. ಕಿಟಕಿಯ ಸರಳು ಹಿಡಿದು ಒದ್ದಾಡುತ್ತಿದ್ದವಳ ಒಂದು ಕೈ ನೆತ್ತಿಗೆ ಹೋಯಿತು. "ನಾನು ನೋಡ್ದೆ. ಕೂದಲು ಸರಿಮಾಡ್ಕೋತಿದಾಳೆ ಅಂದ್ಕೊಂಡೆ. ಆರು ಸೆಕೆಂಡು. ಆಮೇಲೆ ಅವಳು ಒದ್ದಾಡೋದನ್ನೇ ಬಿಟ್ಟಳು." ಎಳೆದುಕೊಂಡು ಮೇಲೆ ಬಂದಾಗ ಸುತ್ತಲೂ ಚಪ್ಪಾಳೆ. ಎಂಥ ಅಭಿನಯ ಎಂದು ಇಡೀ ತಂಡ ಕೈ ತಟ್ಟುತ್ತಿತ್ತು. ಹುಡುಗಿಯ ತುಟಿ ನೀಲಿಯಾಗಿತ್ತು.

ಎರಡು ದಿನ ಆಸ್ಪತ್ರೆಯಲ್ಲಿದ್ದು ಹುಡುಗಿ ಉಳಿದಳು. ವಿಚಾರಣೆಯ ವರದಿಯಲ್ಲಿ ಮಾತ್ರ, 'ಗಾಬರಿಯಿಂದ ಸಂಕೇತ ಕೊಡಲಿಲ್ಲ' ಎಂದಾಯಿತು. ಟ್ಯಾಂಕಿನ ಮೇಲ್ವಿಚಾರಕ ಉಸಿರಕ್ಕನನ್ನು ಪಕ್ಕಕ್ಕೆ ಕರೆದಿದ್ದ. "ಅಕ್ಕಾ, ನೋಡಿದೆ ಅಂತ ಬಾಯಿಬಿಟ್ರೆ ನಿಮ್ಮ ಲೈಸೆನ್ಸ್ ಹೋಗುತ್ತೆ. ಹುಡುಗಿ ಬದುಕಿದಾಳಲ್ಲ, ಬಿಡಿ." ಬಿಟ್ಟರು, ಆ ವರದಿಗೆ ಸಹಿ ಹಾಕಿದರು. ಅಂದಿನಿಂದ ಆ ಹುಡುಗಿಯ ಹೆಸರಿನ ಮುಂದೆ 'ನೀರಿಗೆ ಬೇಡ' ಎಂದಿದೆ. ಮೆಟ್ಟಿಲಿಂದ ಉರುಳುವ ಕೆಲಸವಷ್ಟೇ ಅವಳಿಗೀಗ.

"ಅದಕ್ಕೂ ಅವಳು ಬೇಜಾರು ಮಾಡ್ಕೊಂಡಿಲ್ಲ. ಹೋದ ವರ್ಷ ಸಿಕ್ಕಿ ಏನು ಕೇಳಿದ್ಲು ಗೊತ್ತಾ? 'ಅಕ್ಕಾ, ನಾನು ಕೈ ಇಟ್ಟಿದ್ದೆ ಅಂತ್ಲೇ ನನ್ನ ನೆನಪು. ಎಲ್ಲರೂ ಇಲ್ಲ ಅಂತಾರೆ. ನನ್ನ ತಲೆ ನೆಟ್ಟಗಿದ್ಯಾ?' ನಾನು ಆಗ್ಲೂ ಸುಮ್ನಿದ್ದೆ."

ಸೋಮವಾರದಿಂದ ಹೊಸ ಪ್ರವಾಹದ ಚಿತ್ರ. ನೀರಿಗಿಳಿಯುವವರ ಪಟ್ಟಿ ಶುಕ್ರವಾರ ಅಂತಿಮವಾಗುತ್ತದೆ. ಅದರಲ್ಲಿ ಅವಳ ಹೆಸರಿನ ಮುಂದೆ ಮತ್ತೆ ಆ ಎರಡು ಪದದ ಷರಾ ನೋಡಿ ಬಂದ ಸಂಜೆ, ಎಂದೋ ಬರೆಯತೊಡಗಿ ಅರ್ಧಕ್ಕೆ ನಿಲ್ಲಿಸಿದ್ದ ಕಾಗದವನ್ನು ಉಸಿರಕ್ಕ ಮುಗಿಸಿದರು. ಸುರಕ್ಷತಾ ಸಮಿತಿಗೆ ಒಂದು, ಹುಡುಗಿಗೆ ಅದರದ್ದೇ ಪ್ರತಿ. 'ಅವಳು ಕೈ ಇಟ್ಟಿದ್ದಳು. ತಪ್ಪಾಗಿ ತಿಳಿದವಳು ನಾನು.' ಅದನ್ನು ಅತ್ತೆಗೂ ಓದಿ ಹೇಳಿದರು. "ಕಳಿಸಮ್ಮ," ಎಂದರಂತೆ ಅವರು. "ಕೆಲಸ ಹೋದ್ರೆ ಮನೇಲಿ ಬಕೆಟ್ ಎತ್ತೋವಂತೆ."

ಇದನ್ನೆಲ್ಲ ಪತ್ರಿಕೆಗೆ ಬರೆಯಬಹುದೇ ಎಂದರೆ, "ಕಾಗದ ಹೋದ್ಮೇಲೆ ಬರೀರಿ," ಎನ್ನುತ್ತಾರೆ.

ಹತ್ತು ಗಂಟೆಗೆ ಅಂಚೆ ಕಚೇರಿಯ ಸಾಲಿನಲ್ಲಿ ಅವರ ಕೂದಲು ಇನ್ನೂ ಒದ್ದೆ. ಎರಡೂ ಲಕೋಟೆ ತಿರುಗಿಸಿ ನೋಡಿದ ಗುಮಾಸ್ತೆ ತಲೆ ಎತ್ತುತ್ತಾಳೆ.

"ರಿಜಿಸ್ಟರಾ, ಮಾಮೂಲಾ?"

"ರಿಜಿಸ್ಟರ್. ಸೇರಿದ್ದು ಗೊತ್ತಾಗ್ಬೇಕು. ಶುಕ್ರವಾರದೊಳಗೆ ಹೋಗುತ್ತಾ?"

"ಗುರುವಾರ ಸಿಗುತ್ತೆ. ಕಳಿಸಿದವರ ಹೆಸರು ಹಾಕೇ ಇಲ್ವಲ್ರೀ?"

ಉಸಿರಕ್ಕ ಪೆನ್ನು ಕೇಳಿ ಪಡೆದು, ಗೋಡೆಯ ಹಲಗೆಗೆ ಒಂದೊಂದೇ ಲಕೋಟೆ ಒತ್ತಿ, ತಮ್ಮ ಪೂರ್ತಿ ಹೆಸರನ್ನು ಬಿಡಿಬಿಡಿಯಾಗಿ ಬರೆಯುತ್ತಾರೆ. ಎರಡರ ಮೇಲೂ ಸೀಲು ಬೀಳುತ್ತದೆ. ರಸೀದಿ ಮಡಚಿ ಜೇಬಿಗಿಟ್ಟುಕೊಂಡು ಹೊರಗೆ ಬಂದವರು ಮೆಟ್ಟಿಲ ಮೇಲೆ ಒಂದು ಗಳಿಗೆ ನಿಲ್ಲುತ್ತಾರೆ.

"ಸೋಮವಾರ ನೀರಲ್ಲಿ ನಾನಿರ್ತೀನೋ ಇಲ್ವೋ," ಎನ್ನುತ್ತಾರೆ. "ಅವಳಿರ್ಲಿ."