ತಾಳಕ್ಕಿಂತ ಮುಂದೆ

ಹೇಳಿಕೊಳ್ಳಲು ನಾಚಿಕೆ, ನನ್ನ ವಾದ್ಯಮೇಳದಲ್ಲಿ ನನ್ನನ್ನು ಬಿಟ್ಟರೆ ಮನುಷ್ಯರಿಲ್ಲ. ಕೊಟ್ಟೂರಿನಲ್ಲಿ ನನ್ನದೊಂದು ಕನ್ನಡಕದ ಅಂಗಡಿ. ಭಾನುವಾರ ಅದಕ್ಕೆ ರಜೆ. ಮನೆಯಲ್ಲಿ ಬೇರೆ ಯಾರೂ ಇಲ್ಲ. ಮಧ್ಯಾಹ್ನ ಊಟ ಮುಗಿಸಿ, ಗಿಟಾರಿನ ವೈರನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ಕೂರುತ್ತೇನೆ. ಹಾಡಿನ ಸ್ವರಗುಚ್ಛಗಳಾದ ಕಾರ್ಡ್‌ಗಳನ್ನು ಬರೆದುಕೊಟ್ಟರೆ ಸಾಫ್ಟ್‌ವೇರ್ ತಾನೇ ಡ್ರಮ್ಮು, ಕೀಬೋರ್ಡು ಎಲ್ಲ ನುಡಿಸುತ್ತದೆ. ಅದರ ಜೊತೆಗೆ ನನ್ನ ಗಿಟಾರು ರೆಕಾರ್ಡ್ ಆಗುತ್ತದೆ. ಈ ವಾದಕರು ತಡವಾಗಿ ಬರುವುದಿಲ್ಲ, ಮಿರ್ಚಿ ಬಜ್ಜಿ ಕೇಳುವುದಿಲ್ಲ. ಹಾಡು ಮುಗಿದ ಮೇಲೆ ಚೆನ್ನಾಗಿತ್ತು ಎನ್ನುವುದೂ ಇಲ್ಲ.

ಮೊದಲು ನನಗೆ ವಿರೂಪಾಕ್ಷ ಇದ್ದ. ಕಸುಬಿನಿಂದ ಟೇಲರ್, ತಬಲಾ ಅವನ ಹುಚ್ಚು. ಹನ್ನೊಂದು ವರ್ಷ ಮದುವೆ, ಬಸುರಿಯರ ಕುಬುಸ ಎಂದು ಎಲ್ಲೆಂದರಲ್ಲಿ ಜೊತೆಯಾಗಿ ನುಡಿಸಿದೆವು. ಇಟ್ಟಿಗಿಯ ಒಂದು ಮದುವೆಯಲ್ಲಿ ವೇಗ ಎಷ್ಟು ಏರಿತೆಂದರೆ, ಹಾಡುತ್ತಿದ್ದಾಕೆ ಉಸಿರು ಸಾಲದೆ ನಡುವೆಯೇ ನಿಂತುಬಿಟ್ಟಳು. ನಾನು ಎಲ್ಲರೆದುರು ವಿರೂಪಾಕ್ಷನನ್ನು ಬೈದೆ. ತಬಲಾ ಬಿಟ್ಟು ಎತ್ತು ಓಡಿಸು ಎಂದೆ. ಅವನು ತಬಲಾಕ್ಕೆ ಗವಸು ಹಾಕಿಕೊಂಡು ಬಸ್ಸು ಹತ್ತಿದ. ಕೆಲವೇ ದಿನಗಳಲ್ಲಿ ಅಂಗಡಿಯನ್ನೂ ಹರಪನಹಳ್ಳಿಗೆ ಸಾಗಿಸಿದ. ಎರಡು ವರ್ಷ ಮಾತಿರಲಿಲ್ಲ.

ಈಚೆಗೊಂದು ಭಾನುವಾರ ಹಾಡೊಂದಕ್ಕೆ ಎರಡನೆಯ ಗಿಟಾರು ಕೂಡಿಸುತ್ತಿದ್ದೆ. ಪರದೆಯ ಮೇಲೆ ತಾಳ ಬೀಳಬೇಕಾದಲ್ಲಿ ನೆಟ್ಟಗೆ ಗೆರೆಗಳಿರುತ್ತವೆ. ನನ್ನ ಒಂದೊಂದು ಮೀಟೂ ಪುಟ್ಟ ಗುಡ್ಡದಂತೆ ಮೂಡುತ್ತದೆ. ನೋಡಿದರೆ ಗುಡ್ಡಗಳೆಲ್ಲ ಗೆರೆಗಿಂತ ಮುಂಚೆಯೇ ಎದ್ದಿವೆ. ಸಾಫ್ಟ್‌ವೇರೇ ಕೆಟ್ಟಿರಬೇಕೆಂದು ಲ್ಯಾಪ್‌ಟಾಪ್ ಆರಿಸಿ ಮತ್ತೆ ಹಚ್ಚಿದೆ. ಹಳೆಯ ರೆಕಾರ್ಡಿಂಗುಗಳನ್ನು ಒಂದೊಂದಾಗಿ ತೆರೆದೆ. ಎಲ್ಲದರಲ್ಲೂ ಪಲ್ಲವಿ ದಾಟುತ್ತಲೇ ನಾನು ಓಟ ಕಿತ್ತಿದ್ದೆ. ಊರವರ ಕಣ್ಣು ಪರೀಕ್ಷಿಸುವ ನನಗೆ ಇಷ್ಟು ಕಾಣಲು ಎರಡು ವರ್ಷ ಬೇಕಾಯಿತು.

ಲಯ ಎಂಬುದಕ್ಕೆ ಕರಗಿಹೋಗುವುದು ಎಂಬ ಅರ್ಥವೂ ಇದೆಯಷ್ಟೆ. ನನ್ನ ಜಂಬ ಕರಗಲು ಸಂಜೆಯವರೆಗೆ ಹೊತ್ತು ಹಿಡಿಯಿತು. ಆಮೇಲೆ ಅವನಿಗೆ ಫೋನ್ ಮಾಡಿದೆ.

"ವಿರೂಪಾಕ್ಷ, ಅವತ್ತು ಇಟ್ಟಿಗ್ಯಾಗ ಮೊದಲು ಓಡಿದಾಂವ ನಾನಲೇ."

ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು.

"ನಂಗ ಅವತ್ತೇ ಗೊತ್ತಿತ್ತು," ಎಂದ.

"ಮತ್ತ ನೀ ಯಾಕ ಓಡಿದಿ?"

"ನಿನ್ನೊಬ್ಬನ್ನ ಬಿಡಾಕ ಮನಸ್ಸಾಗಲಿಲ್ಲ."

ಅವನೇ ಮುಂದುವರಿಸಿ, ತಬಲಾವನ್ನು ಭಜನೆಯವರಿಗೆ ಕೊಟ್ಟುಬಿಟ್ಟೆ ಎಂದ. ತಾಳ ತಪ್ಪಿದ್ದನ್ನು ತೋರಿಸಿಕೊಡಲು ಈಗ ನನ್ನ ಬಳಿ ಯಂತ್ರವಿದೆ. ನನ್ನ ಜೊತೆಗೆ ತಪ್ಪಲು ಇದ್ದವನು ಅವನೊಬ್ಬನೇ.

ಮುಂದಿನ ಭಾನುವಾರ ಗಿಟಾರು ಹೊತ್ತು ಹರಪನಹಳ್ಳಿ ಬಸ್ಸು ಹತ್ತಿದೆ. ವಿರೂಪಾಕ್ಷ ಬಟ್ಟೆ ಕತ್ತರಿಸುವ ಮೇಜನ್ನೇ ಬಾರಿಸಿದ. ಪಲ್ಲವಿ ದಾಟಿದ್ದೇ ತಡ, ಇಬ್ಬರೂ ಓಡಿದೆವು. ಹಾಡು ಬೇಗ ಮುಗಿಯಿತು. ಅದರಿಂದ ಒಂದು ಅನುಕೂಲವಾಯಿತು: ಬಸ್ಸು ಬರುವವರೆಗೆ ಸುಮ್ಮನೆ ಕೂತು ಚಹಾ ಕುಡಿಯಲು ಹೊತ್ತು ಉಳಿಯಿತು.